ಎ.ಎಂ. ಗರಗರ, ಎಫ್.ಎಂ. ಭುಸಭುಸ

ಕಾರಿಗೆ ರೇಡಿಯೋ ಕೂಡಿಸುವುದು ಒಂದು ತಾಸಿನ ಕೆಲಸ. ಕೂಡಿಸಿದ ಮೇಲೆ ಎ.ಎಂ. ಅಂದರೇನು, ಎಫ್.ಎಂ. ಅಂದರೇನು ಎಂದು ಗಿರಾಕಿಗೆ ತಿಳಿಸಿ ಹೇಳುವ ಕೆಲಸ ಮಾತ್ರ ನನ್ನ ಅರ್ಧ ಆಯುಷ್ಯ ತಿಂದಿದೆ. ಇನ್ನೂ ಮುಗಿದಿಲ್ಲ.

ತೊಂಬತ್ತರ ದಶಕದಲ್ಲಿ ಹುಮನಾಬಾದಿನ ಹೆದ್ದಾರಿ ಬದಿಗೆ ನಾನು ಅಂಗಡಿ ತೆಗೆದೆ. ಆಗ ನಮ್ಮ ಕಡೆ ಕಾರುಗಳೇ ಕಡಿಮೆ. ಇದ್ದಷ್ಟೂ ಒಂದಲ್ಲ ಒಂದು ದಿನ ನನ್ನ ಬಾಗಿಲಿಗೆ ಬಂದು ನಿಂತವು. ವಿಷಯ ಬಹಳ ಸರಳ. ಎ.ಎಂ. ಹಚ್ಚಿದರೆ ಗುಲಬರ್ಗಾ ಸ್ಟೇಷನ್ ಬರುತ್ತಿತ್ತು, ಅದರ ಬೆನ್ನಿಗೆ ಗರಗರ ಸದ್ದೂ ಬರುತ್ತಿತ್ತು. ಎಫ್.ಎಂ. ದನಿ ಕನ್ನಡಿಯಷ್ಟು ಸ್ವಚ್ಛ, ಆದರೆ ನಮ್ಮೂರಿನ ತನಕ ಯಾವ ಎಫ್.ಎಂ. ಸ್ಟೇಷನ್ನೂ ಮುಟ್ಟುತ್ತಿರಲಿಲ್ಲ. ಹಚ್ಚಿದರೆ ಬರೀ ಭುಸ್ ಅನ್ನುತ್ತಿತ್ತು. ಇಷ್ಟೇ. ಈ ಇಷ್ಟನ್ನು ನಾನು ವ್ಯಾಪಾರಿಗಳಿಗೆ, ವಕೀಲರಿಗೆ, ಡ್ರೈವರುಗಳಿಗೆ, ಸ್ವಂತ ಮಾವನಿಗೆ ಹೇಳಿ ನೋಡಿದ್ದೇನೆ. ಹೇಳಿದ ಪರಿಣಾಮ ಏನಾಯಿತು ಅನ್ನುವುದೇ ಮುಂದಿನದು.

ಸಂಜೀ ರೇಡಿಯೋ

ತೊಗರಿ ವ್ಯಾಪಾರ ಮಾಡುವ ಒಬ್ಬರು ಹೊಸ ಕಾರು ತಂದರು. ಒಳ್ಳೆಯ ಸ್ಟೀರಿಯೋ ಬೇಕು ಅಂದರು, ಕೂಡಿಸಿದೆ. ಒಂದು ವಾರ ಕಳೆಯಿತು. ಒಂದು ಸಂಜೆ ಕಾರು ತಂದು ನಿಲ್ಲಿಸಿ, ಇಳಿಯದೆ ಒಳಗಿಂದಲೇ ಹಾರ್ನ್ ಹೊಡೆದರು.

"ಏನ್ರಿ, ಅರ್ಧಾ ರೇಡಿಯೋ ಕೊಟ್ಟು ಕಳಸೀರಲ್ಲ."

"ಅರ್ಧಾ ಹ್ಯಾಂಗ್ರಿ ಸಾವಕಾರ್ರ?"

"ನೋಡ್ರಿ ಇಲ್ಲಿ. ಎ.ಎಂ. ಅಂತ ಅದ. ಅಂದ್ರ ಮುಂಜಾನಿದು. ಮುಂಜಾನಿ ಹಚ್ಚಿದ್ರ ಛಲೋ ಬರ್ತದ, ನಾ ಇಲ್ಲ ಅನ್ನೂದಿಲ್ಲ. ಮಧ್ಯಾಹ್ನ ಆದ ಕೂಡ್ಲೆ ಬಂದ್ ಮಾಡ್ತೀನಿ. ಸಂಜೀದು ಎಲ್ಲಿ ಅದ?"

ಅವರಿಗೆ ನಾನು ಸಮಾಧಾನದಿಂದ ಹೇಳಿದೆ, ಈ ಎ.ಎಂ. ಗಡಿಯಾರದ್ದಲ್ಲ, ಇದು ಅಲೆಯ ಹೆಸರು, ಮುಂಜಾನೆ ಸಂಜೆ ಎರಡೂ ಹೊತ್ತು ನಡೆಯುತ್ತದೆ ಎಂದು. ಅವರು ಬೆರಳು ಮುಂದೆ ಮಾಡಿದರು. ಆ ರೇಡಿಯೋ ಡಬ್ಬಿಯ ಹಸಿರು ಪರದೆಯ ಮೇಲೆ ಒಂದು ಮೂಲೆಯಲ್ಲಿ ಗಡಿಯಾರವೂ ಇತ್ತು. ಅದು ಪಿ.ಎಂ. ಎಂದು ತೋರಿಸುತ್ತಿತ್ತು. ಅದರ ಪಕ್ಕದಲ್ಲೇ ಬ್ಯಾಂಡ್ ಎ.ಎಂ. ಎಂದು ತೋರಿಸುತ್ತಿತ್ತು.

"ಅದಕ್ಕೇ ಖಾತ್ರಿ ಇಲ್ಲ" ಅಂದರು. "ಮುಂಜಾನಿ ಅಂತದ, ಬಾಜೂಕ ಸಂಜಿ ಅಂತದ. ನೀವು ಬ್ಯಾರೇನ ಹೇಳಾಕತ್ತೀರಿ."

ಅಂಗಡಿಯೊಳಗೆ ಕರೆದು ಚಹಾ ತರಿಸಿ, ಕಾಗದದ ಮೇಲೆ ಅಲೆ ಬರೆದು ತೋರಿಸಿದೆ. ಎತ್ತರ ತಗ್ಗು ಆಗುವ ಅಲೆ ಎ.ಎಂ., ಒಮ್ಮೆ ಒತ್ತೊತ್ತಾಗಿ ಒಮ್ಮೆ ವಿರಳವಾಗಿ ಬರುವ ಅಲೆ ಎಫ್.ಎಂ. ಅಂದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ನಡುನಡುವೆ ಹೌದ್ರಿ, ಹೌದ್ರಿ ಅಂದರು. ಎರಡು ಪ್ರಶ್ನೆ ಕೇಳಿದರು, ಎರಡೂ ಒಳ್ಳೆಯ ಪ್ರಶ್ನೆಗಳೇ. ಈ ಮನುಷ್ಯ ತಿಳಿದುಕೊಂಡ ಎಂದು ನನಗೆ ಎದೆ ತುಂಬಿ ಬಂತು. ಚಹಾದ ಕಪ್ಪು ಕೆಳಗಿಟ್ಟು ಎದ್ದರು.

"ಎಲ್ಲಾ ಸಾಫ್ ತಿಳೀತ್ರಿ. ಈಗ ಒಂದು ಕೆಲಸ ಮಾಡ್ರಿ. ಇದನ್ನ ತಗದು ಪಿ.ಎಂ. ಇರೋದು ಕೂಡಿಸಿ ಕೊಡ್ರಿ. ನನ್ನ ತಿರಗಾಟ ಎಲ್ಲಾ ಸಂಜೀಕೇ ಇರ್ತದ."

ಬಿದ್ದುಹೋದ ಸ್ಟೇಷನ್

ಮನ್ನಾಏಖೇಳ್ಳಿಯ ಕಂತ್ರಾಟುದಾರರೊಬ್ಬರು ನನ್ನನ್ನು ಬಿಟ್ಟು ಹೈದರಾಬಾದಿಗೆ ಹೋಗಿ ಎಫ್.ಎಂ. ಇರುವ ಸ್ಟೀರಿಯೋ ಕೂಡಿಸಿಕೊಂಡು ಬಂದರು. ಆ ಊರಲ್ಲಿ ಆಗ ಎಫ್.ಎಂ. ಶುರುವಾಗಿತ್ತು. ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹಾಡು ಕೇಳುತ್ತಾ ಹೊರಟಿದ್ದಾರೆ. ಸದಾಶಿವಪೇಟೆ ದಾಟಿದ್ದೇ ದಾಟಿದ್ದು, ಹಾಡು ನಡುವೆಯೇ ಹರಿದು ಭುಸ್ ಅಂದಿದೆ. ಇವರು ಗಾಡಿ ತಿರುಗಿಸಿದರು. ಸ್ವಲ್ಪ ಹಿಂದೆ ಹೋದ ಮೇಲೆ ಹಾಡು ಮತ್ತೆ ಬಂತು. ಮತ್ತೆ ಮುಂದೆ ಬಂದರು, ಮತ್ತೆ ಹೋಯಿತು. ಹೀಗೆ ಹಿಂದೆ ಮುಂದೆ ಓಡಾಡಿ ಹೆಂಡತಿಗೆ ವಾಕರಿಕೆ ಬಂದ ಮೇಲೆ ಊರಿಗೆ ಬಂದರಂತೆ. ಮರುದಿನ ನನ್ನ ಅಂಗಡಿಗೆ ಬಂದರು.

"ಸ್ಟೇಷನ್ ಹಾದ್ಯಾಗ ಎಲ್ಲೋ ಬಿತ್ತು ನೋಡ್ರಿ" ಅಂದರು, ಜೇಬಿನಿಂದ ಕರ್ಚೀಫು ಬಿದ್ದವರ ಹಾಗೆ.

ಅಲೆಯ ಚಿತ್ರ ಬರೆಯುವ ಚಟ ನಾನು ಅಷ್ಟರಲ್ಲಿ ಬಿಟ್ಟಿದ್ದೆ. ಈ ಸಲ ಉಪಮೆ ಹಿಡಿದೆ. "ನೋಡ್ರಿ, ಎ.ಎಂ. ಅಂದ್ರ ಹಲಗಿ ಸಪ್ಪಳ ಇದ್ದಂಗ. ಗ್ವಾಡಿ ಆಚೀಕೂ ಕೇಳಸ್ತದ, ಓಣಿ ಆಚೀಕೂ ಕೇಳಸ್ತದ. ಎಫ್.ಎಂ. ಅಂದ್ರ ಬ್ಯಾಟರಿ ಬೆಳಕಿದ್ದಂಗ. ನೆಟ್ಟಗ ಹೋಗ್ತದ. ಅಡ್ಡ ಏನರ ಬಂದ್ರ, ದೂರ ಆದ್ರ, ಮುಗೀತು."

ಅವರು ಯೋಚನೆ ಮಾಡಿದರು. "ಅಂದ್ರ ಎತ್ತರದಾಗ ನಿಂತ್ರ ಕಾಣಸ್ತದ?"

"ಕಾಣಸಬಹುದ್ರಿ" ಅಂದೆ. ತಾತ್ವಿಕವಾಗಿ ಅಂದ ಮಾತು. ತತ್ವವನ್ನು ಜನ ಹೀಗೆ ಕೈಗೆತ್ತಿಕೊಳ್ಳುತ್ತಾರೆ ಅಂತ ನನಗೇನು ಗೊತ್ತು?

ಮರುದಿನವೇ ಅವರು ತಮ್ಮೂರ ಹತ್ತಿರದ ಮುರುಮಿನ ಗುಡ್ಡಕ್ಕೆ ಕಾರು ಹತ್ತಿಸಿದರು. ದಾರಿ ಇರಲಿಲ್ಲ, ಟ್ರ್ಯಾಕ್ಟರ್ ಹೋಗುವ ಜಾಡು ಇತ್ತು. ಕಾರಿನ ಹೊಟ್ಟೆಗೆ ಕಲ್ಲು ಬಡಿದು ಸೈಲೆನ್ಸರ್ ಕಳಚಿತು, ಅವರು ನಿಲ್ಲಲಿಲ್ಲ. ಮೇಲೆ ಹೋದ ಮೇಲೆ ನಿಜವಾಗಿಯೂ ಅರ್ಧ ಹಾಡು ಕೇಳಿಸಿತಂತೆ. ಉಳಿದ ಅರ್ಧ ಬಂದೀತು ಎಂದು ಎಂಜಿನ್ ಆರಿಸಿ ಮಧ್ಯಾಹ್ನವೆಲ್ಲ ರೇಡಿಯೋ ಹಚ್ಚಿಕೊಂಡು ಕುಳಿತರು. ಬ್ಯಾಟರಿ ಸತ್ತಿತು. ಕೊನೆಗೆ ಎರಡು ಜೋಡಿ ಎತ್ತು ಹಿಂದೆ ಕಟ್ಟಿ, ಉರುಳದಂತೆ ಎಳೆದು ಹಿಡಿದು ಕಾರನ್ನು ಇಳಿಸಿದರು.

ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವರು ಸಿಟ್ಟಾಗಲಿಲ್ಲ, ಖುಷಿಯಾಗಿ ಊರೆಲ್ಲ ಹೇಳಿಕೊಂಡು ಬಂದರು. ಮುಂದಿನ ವಾರ ಬೀದರ ಕಡೆಯ ಒಂದು ಕಾರು ಅಂಗಡಿ ಮುಂದೆ ನಿಂತಿತು. ಗಂಡ, ಹೆಂಡತಿ, ಅಜ್ಜಿ, ಬುತ್ತಿಗಂಟು ಎಲ್ಲವೂ ಅದರೊಳಗೆ ಇದ್ದವು. ಗಂಡ ತಲೆ ಹೊರಗೆ ಹಾಕಿ ವಿನಯದಿಂದ ಕೇಳಿದ: "ಗುಡ್ಡಕ್ಕ ಕರಕೊಂಡು ಹೋಗಿ ಹಾಡು ಕೇಳಸೋರು ನೀವೇ ಏನ್ರಿ?"

ಗರ್ ಅನ್ನುವುದು ವಾಪಸ್ ಬೇಕು

ಎ.ಎಂ. ಅಲೆ ಸಂಕೋಚದ ಮನುಷ್ಯನ ಹಾಗೆ. ಯಾರಿಗೂ ಇಲ್ಲ ಅನ್ನುವುದಿಲ್ಲ. ಗಾಡಿಯ ಡೈನಮೋ, ವೈಪರಿನ ಮೋಟರು, ರಸ್ತೆಯ ಮೇಲಿನ ಕರೆಂಟಿನ ತಂತಿ, ಯಾರ ಸದ್ದಾದರೂ ಹಾಡಿನ ಜತೆ ಒಳಗೆ ಕರೆದುಕೊಂಡು ಬಂದುಬಿಡುತ್ತದೆ.

ಒಮ್ಮೆ ಬಸವಕಲ್ಯಾಣದಿಂದ ಮಂಠಾಳಕ್ಕೆ ಹೋಗುವ ಟ್ರ್ಯಾಕ್ಸ್ ಜೀಪಿನಲ್ಲಿ ಕುಳಿತಿದ್ದೆ. ಅವತ್ತು ಕ್ರಿಕೆಟ್ ಇತ್ತು, ನಮ್ಮವರ ಆಟ ಕೊನೆಗೆ ಬಂದಿತ್ತು. ಡ್ರೈವರ್ ಎ.ಎಂ.ನಲ್ಲಿ ಕಾಮೆಂಟರಿ ಹಚ್ಚಿದ. ಗಾಡಿ ಹೊರಟ ತಕ್ಷಣ ಗರ್ ಎಂದು ಶುರುವಾಯಿತು. ಆಕ್ಸಿಲರೇಟರ್ ಒತ್ತಿದಂತೆ ಗರ್ ಅನ್ನುವುದು ಗೀರ್ ಆಗಿ, ಕೀರ್ ಆಗಿ, ಕಾಮೆಂಟರಿಯನ್ನು ಪೂರ್ತಿ ನುಂಗಿತು.

"ಔಟ್ ಅಂದ್ನೋ, ನಾಟ್ ಔಟ್ ಅಂದ್ನೋ?" ಹಿಂದಿನವರು ಕೇಳಿದರು. ಯಾರಿಗೂ ತಿಳಿದಿರಲಿಲ್ಲ. "ಗಾಡಿ ನಿಂದರಸಪಾ."

ಡ್ರೈವರ್ ಎಂಜಿನ್ ಆರಿಸಿದ. ಒಂದು ಓವರ್ ಕೇಳಿದೆವು. ಗಾಡಿ ಹೊರಟಿತು. ಮತ್ತೆ ಓವರ್ ಶುರುವಾದಾಗ ಮತ್ತೆ ನಿಂತಿತು. ನಮ್ಮ ಹಿಂದೆ ಬಂದ ಎತ್ತಿನಗಾಡಿ ನಮ್ಮನ್ನು ದಾಟಿ ಹೋಯಿತು. ಮಂಠಾಳಕ್ಕೆ ಮೊಮ್ಮಗನ ನಾಮಕರಣಕ್ಕೆ ಹೊರಟ ಒಬ್ಬ ಮುದುಕಿ ನಡುವಿನ ಸೀಟಿನಲ್ಲಿ ತೊಟ್ಟಿಲ ಬಟ್ಟೆಯ ಗಂಟು ಹಿಡಿದು ಕುಳಿತಿದ್ದಳು. ಸಹಿಸುವಷ್ಟು ಸಹಿಸಿ, "ನಿಮ್ಮ ಆಟ ಮುಗಿಯೂತನಾ ನನ್ನ ಮೊಮ್ಮಗ ಹೆಸರಿಲ್ಲದ ಮಕ್ಕೋಬೇಕೇನ್ರೋ?" ಅಂದಳು. ಎಲ್ಲರೂ ಶ್ ಅಂದರು, ಆಗ ಓವರ್ ನಡೆದಿತ್ತು.

ನನಗೆ ತಡೆಯಲಾಗಲಿಲ್ಲ. ಇಳಿಯುವಾಗ ಡ್ರೈವರನಿಗೆ, "ನಾಳೆ ಹುಮನಾಬಾದಿಗೆ ಬಾ, ಆ ಸದ್ದು ತಗದು ಕೊಡ್ತೀನಿ" ಅಂದೆ. ಬಂದ. ಡೈನಮೋಗೆ ಕಂಡೆನ್ಸರ್ ಹಾಕಿ, ಅರ್ಥ್ ತಂತಿ ಬಿಗಿ ಮಾಡಿ, ಏರಿಯಲ್ ಬದಲಿಸಿದೆ. ಎಂಜಿನ್ ಎಷ್ಟು ಒದರಿದರೂ ರೇಡಿಯೋದಲ್ಲಿ ಒಂದು ಚೂರು ಸದ್ದಿಲ್ಲ. ನನ್ನ ಕೆಲಸಕ್ಕೆ ನಾನೇ ಬೆರಗಾದೆ.

ನಾಲ್ಕು ದಿನದ ನಂತರ ಅವನು ಮುಖ ಸಣ್ಣದು ಮಾಡಿಕೊಂಡು ಬಂದ.

"ಅಣ್ಣಾರ, ಆ ಗರ್ ಅನ್ನೂದು ವಾಪಸ್ ಹಾಕಿ ಕೊಡ್ರಿ."

"ಯಾಕೋ?"

"ನನ್ನ ಸ್ಪೀಡ್ ಮೀಟರ್ ಕೆಟ್ಟು ಭಾಳ ದಿನ ಆತ್ರಿ. ಗರ್ ಅಂದ್ರ ಸೆಕೆಂಡ್ ಗೇರ್, ಗೀರ್ ಅಂದ್ರ ಥರ್ಡ್, ಕೀರ್ ಅಂದ್ರ ಬ್ರೇಕ್ ಹಿಡೀಬೇಕು ಅಂತ ನನಗ ತಿಳೀತಿತ್ತು. ಈಗ ಗಾಡಿ ಓಡಾಕತ್ತದೋ ನಿಂತದೋ ಒಂದೂ ಗೊತ್ತಾಗವಲ್ದು."

ಹತ್ತು ದೊಡ್ಡದೋ ಒಂಬತ್ತು ದೊಡ್ಡದೋ

ಬಸವಕಲ್ಯಾಣದ ವಕೀಲರೊಬ್ಬರು ಮುಂಬೈಯಿಂದ ಅಮೆರಿಕದ ಸ್ಟೀರಿಯೋ ತಂದರು. ಆ ದೇಶದಲ್ಲಿ ಸ್ಟೇಷನ್ನುಗಳನ್ನು ಹತ್ತು ಹತ್ತು ಕಿಲೋಹರ್ಟ್ಜಿನ ಮೆಟ್ಟಿಲಿನ ಮೇಲೆ ಇಟ್ಟಿರುತ್ತಾರೆ, ನಮ್ಮಲ್ಲಿ ಒಂಬತ್ತು ಒಂಬತ್ತರ ಮೇಲೆ. ಹೀಗಾಗಿ ಗುಲಬರ್ಗಾ ಸ್ಟೇಷನ್ ಆ ಡಬ್ಬಿಯ ಎರಡು ಮೆಟ್ಟಿಲುಗಳ ನಡುವೆ ಸಿಕ್ಕಿ ಬಿತ್ತು. ಒಂದು ಸಲ ಗುಂಡಿ ಒತ್ತಿದರೆ ಅದರ ಕೆಳಗೆ ಹೋಗುತ್ತದೆ, ಇನ್ನೊಂದು ಸಲ ಒತ್ತಿದರೆ ಮೇಲೆ ಹಾರುತ್ತದೆ. ವಾರ್ತೆ ಓದುವವರು ಮೂಗು ಹಿಡಿದುಕೊಂಡು ಓದಿದ ಹಾಗೆ ಕೇಳಿಸುತ್ತಿತ್ತು.

"ಚಿಂತಿ ಇಲ್ರಿ" ಅಂದೆ. "ಡಬ್ಬಿ ಹಿಂದ ಒಂದು ಸಣ್ಣ ಸ್ವಿಚ್ ಅದ. ಹತ್ತು ಇದ್ದದ್ದು ಒಂಬತ್ತು ಮಾಡಿದ್ರ ಸಾಫ್ ಬರ್ತದ."

ವಕೀಲರು ನನ್ನ ಕೈ ಹಿಡಿದರು. "ಸ್ವಲ್ಪ ತಡೀರಿ. ಈಗ ಎಷ್ಟು ಅದ?"

"ಹತ್ತು."

"ನೀವು ಎಷ್ಟು ಮಾಡ್ತೀರಿ?"

"ಒಂಬತ್ತು."

"ಅಂದ್ರ ನನ್ನ ವಸ್ತುದಾಗ ಒಂದು ಕಮ್ಮಿ ಮಾಡ್ತೀರಿ. ಕಮ್ಮಿ ಮಾಡಿದ್ದಕ್ಕ ಮ್ಯಾಲೆ ನಾನೇ ಮಜೂರಿ ಕೊಡಬೇಕು."

ಅರ್ಧ ತಾಸು ವಾದ ಮಾಡಿದೆ. ವಾದ ಅವರ ಕಸುಬು, ನನ್ನದಲ್ಲ. ಡಬ್ಬಿ ಹತ್ತರಲ್ಲೇ ಉಳಿಯಿತು. ಮುಂದೆ ಯಾವಾಗ ಸಿಕ್ಕರೂ, "ವಾರ್ತೆ ಹ್ಯಾಂಗ ಬರಾಕತ್ತದ್ರಿ?" ಎಂದು ಕೇಳುತ್ತಿದ್ದೆ. "ಏನೂ ತಿಳಿಯೂದಿಲ್ಲ. ಆದ್ರ ಪೂರಾ ಬರ್ತದ" ಅನ್ನುತ್ತಿದ್ದರು.

ಎಡಕ್ಕೆ ಒಂದು, ಬಲಕ್ಕೆ ಒಂದು

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಗಂಡ ಹೆಂಡತಿ ಇಬ್ಬರೂ ನೌಕರಿಯವರು, ಇಬ್ಬರೂ ಹೈದರಾಬಾದಿಗೆ ವರ್ಗವಾಗಿ ಹೊರಟಿದ್ದರು. ದಾರಿಯಲ್ಲಿ ಗಂಡನಿಗೆ ಎ.ಎಂ. ವಾರ್ತೆ ಬೇಕು, ಹೆಂಡತಿಗೆ ಎಫ್.ಎಂ. ಹಾಡು ಬೇಕು. ಇದೇ ವಿಷಯಕ್ಕೆ ಅವರು ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದರು. ಇಬ್ಬರೂ ನನ್ನ ಕಡೆ ನೋಡಿಕೊಂಡೇ ಮಾತಾಡಿದರು.

ಎಡ ಸ್ಪೀಕರಿಗೆ ಎಫ್.ಎಂ., ಬಲ ಸ್ಪೀಕರಿಗೆ ಎ.ಎಂ. ಹಾಕಿ ಕೊಡಿ ಅಂದರು. ಒಂದು ರೇಡಿಯೋ ಒಂದು ಹೊತ್ತಿಗೆ ಒಂದೇ ಬ್ಯಾಂಡ್ ನುಡಿಸುತ್ತದೆ ಎಂದು ತಿಳಿಸಿದೆ. ಹೆಂಡತಿ ನನಗೆ ಅಂದಳು: "ಹಂಗಾದ್ರ ರೇಡಿಯೋ ಇರ್ಲಿ ಬಿಡ್ರಿ. ನಡುವ ಒಂದು ಪಡದಾ ಹಾಕಿ ಕೊಡ್ರಿ."

ಎರಡು ಭಾಷೆಯ ಮಳೆ

ನನ್ನ ಮಾವ ಬಸವಕಲ್ಯಾಣದವರು. ಅವರ ಅಂಗಳದಲ್ಲಿ ಒಂದು ಹಳೆಯ ಕಾರು ಇತ್ತು. ಕಾರು ಓಡುತ್ತಿರಲಿಲ್ಲ, ಅದರ ರೇಡಿಯೋ ಓಡುತ್ತಿತ್ತು. ಅಳಿಯ ಕೂಡಿಸಿದ್ದು ಎಂಬ ಅಭಿಮಾನಕ್ಕೆ ಅವರು ದಿನಾ ಸಂಜೆ ಅದರೊಳಗೆ ಹೋಗಿ, ಬಾಗಿಲು ಹಾಕಿಕೊಂಡು ಸ್ಟೀರಿಂಗ್ ಹಿಡಿದು ಕುಳಿತು ವಾರ್ತೆ ಕೇಳುತ್ತಿದ್ದರು.

ಹೊತ್ತು ಮುಳುಗಿದ ಮೇಲೆ ಎ.ಎಂ.ಗೆ ಒಂದು ಚಾಳಿ ಇದೆ. ಹಗಲು ಸುಮ್ಮನಿರುವ ದೂರದ ಸ್ಟೇಷನ್ನುಗಳು ಆಕಾಶಕ್ಕೆ ಬಡಿದು ಬಂದು ಹತ್ತಿರದವರ ಮಾತಿನಲ್ಲಿ ಬಾಯಿ ಹಾಕುತ್ತವೆ. ಬಸವಕಲ್ಯಾಣ ಗಡಿಯ ಊರು ಬೇರೆ. ಕನ್ನಡ ವಾರ್ತೆಯ ನಡುವೆ ಮರಾಠಿ ತೇಲಿ ಬರುವುದು, ಅದು ಮುಳುಗಿದಾಗ ಮತ್ತೆ ಕನ್ನಡ ಏಳುವುದು ನಡೆದೇ ಇರುತ್ತಿತ್ತು. ಮಾವನಿಗೆ ಎರಡೂ ಭಾಷೆ ಬರುತ್ತಿದ್ದುದೇ ತೊಂದರೆಯಾಯಿತು. ಒಂದೇ ಭಾಷೆ ಬರುತ್ತಿದ್ದರೆ ಅನುಮಾನವಾದರೂ ಪಡುತ್ತಿದ್ದರು.

ಒಂದು ಬೇಸಿಗೆ, ಅತ್ತೆ ವರ್ಷದ ಖಾರಕ್ಕೆಂದು ಮೆಣಸಿನಕಾಯಿ ತರಿಸಿ ಮಾಳಿಗೆಯ ಮೇಲೆ ಹರವಿದ್ದರು. ಸಂಜೆ ಮೋಡ ಕಂಡು, "ವಾರ್ತೆದಾಗ ಮಳಿ ಬಗ್ಗೆ ಏನಂದ್ರು ಕೇಳ್ರಿ" ಎಂದು ಮಾವನನ್ನು ಕಾರಿಗೆ ಕಳಿಸಿದರು. ಮಾವ ಕೇಳಿ ಬಂದು, "ಏನೂ ಇಲ್ಲ, ಹರವಿದ್ದು ಇರ್ಲಿ" ಅಂದರು. ರಾತ್ರಿ ಊಟ ಆಗುವುದರೊಳಗೆ ಮಳೆ ಬಂದು ಮೆಣಸಿನಕಾಯಿಯೆಲ್ಲ ತೋಯ್ದು, ಮಾಳಿಗೆಯ ಹರಿನಾಳಿಗೆಯಿಂದ ಕೆಂಪು ನೀರು ಓಣಿಗೆ ಇಳಿಯಿತು. ಓಣಿಯ ನಾಯಿಗಳು ಕೂಡ ಸೀನಿದವು.

ನನಗೆ ಕರೆ ಬಂತು. ಹೋದೆ. ಅತ್ತೆ ನನಗೂ ಮಾವನಿಗೂ ಸೇರಿಸಿಯೇ ಬೈಯುತ್ತಿದ್ದರು.

"ನೀವು ಕೇಳಿದ್ದಾದ್ರೂ ಏನ್ರಿ, ಮಾವ?" ಅಂದೆ.

ಮಾವ ನೆನಪು ಮಾಡಿಕೊಂಡು ಸಾವಕಾಶ ಹೇಳಿದರು. "'ಬೀದರ ಜಿಲ್ಲೆಯ ಕೆಲವೆಡೆ ಗುಡುಗು ಸಹಿತ ಮಳೆಯಾಗುವ' ಅಂತ ಹೆಣ್ಣಮಗಳು ಓದಾಕತ್ತಿದ್ಲು. ಅಷ್ಟರಾಗ ಗಂಡಸು ಬಂದು 'ಶಕ್ಯತಾ ನಾಹೀ' ಅಂದ. ಸಾಧ್ಯತೆ ಇಲ್ಲ ಅಂದ್ರ ಇಲ್ಲ. ಮಳಿ ಕನ್ನಡದಾಗಿತ್ತು, ಇಲ್ಲ ಅನ್ನೂದು ಮರಾಠಿದಾಗಿತ್ತು."

"ಅವು ಎರಡು ಬ್ಯಾರೆ ಬ್ಯಾರೆ ಸ್ಟೇಷನ್ನು, ಮಾವ."

"ಇರಬಹುದಪಾ" ಅಂದರು ಮಾವ. "ನಾ ತಿಳಕೊಂಡೆ, ಗಂಡಾ ಹೆಂಡತಿ ಇರಬೇಕು, ಆಕಿ ಮಾತು ಇಂವ ಮುಗಸಾಕತ್ತಾನ ಅಂತ."

ಎತ್ತಿನ ಹಲ್ಲು

ಮೋರಖಂಡಿಯ ಹೊಲಮನೆಯವರೊಬ್ಬರು ಹೈದರಾಬಾದಿನಿಂದ ಒಂದು ದೊಡ್ಡ ಹಳೆಯ ಕಾರು ತಂದಿದ್ದರು. ಅದರ ಏರಿಯಲ್ಲಿಗೆ ಮೋಟರ್ ಇತ್ತು. ರೇಡಿಯೋ ಹಚ್ಚಿದರೆ ಬಾನೆಟ್ಟಿನ ಪಕ್ಕದ ತೂತಿನಿಂದ ಕಡ್ಡಿ ತಾನೇ ಮೇಲೇಳುವುದು, ಬಂದ್ ಮಾಡಿದರೆ ತಾನೇ ಒಳಗೆ ಹೋಗುವುದು. ಅವರ ತಂಗಿಯ ಮಗನ ಮದುವೆ ಬಸವಕಲ್ಯಾಣದಲ್ಲಿ. ಮದುಮಗನನ್ನು ಅದೇ ಕಾರಿನಲ್ಲಿ ಮೆರವಣಿಗೆಯಿಂದ ತರುವುದು ಎಂದಾಯಿತು. ನಾನು ಸ್ಟೀರಿಯೋ ರಿಪೇರಿ ಮಾಡಿ, ಕಾರಿನ ಮೇಲೆ ಎರಡು ದೊಡ್ಡ ಸ್ಪೀಕರ್ ಕಟ್ಟಿ, ಶಹನಾಯಿಯ ಕ್ಯಾಸೆಟ್ ಹಾಕಿ ಕೊಟ್ಟೆ. ಡ್ರೈವರನಿಗೆ ಎ.ಎಂ., ಎಫ್.ಎಂ. ಎರಡನ್ನೂ ತಿಳಿಸಿದೆ. ಏನಾದರೂ ಹೆಚ್ಚುಕಡಿಮೆ ಆದರೆ ಇರಲಿ ಎಂದು ನನ್ನನ್ನೂ ಮೆರವಣಿಗೆಗೆ ಕರೆದರು.

ಮದುವೆಗೆ ಮೊದಲೇ ಒಂದು ಗುಸುಗುಸು ಇತ್ತು. ಗಂಡಿನ ವಯಸ್ಸು ಹೇಳಿದ್ದಕ್ಕಿಂತ ಜಾಸ್ತಿ ಇದೆ ಎಂದು ಹೆಣ್ಣಿನ ಕಡೆ ಯಾರೋ ಹೇಳಿದ್ದರಂತೆ. ಹಿರಿಯರು ಕೂತು ಮಾತಾಡಿ ಅದನ್ನು ಮುಚ್ಚಿದ್ದರು.

ಸಂಜೆಯ ಮುಹೂರ್ತ. ಕಾರು ಹಂದರದ ಮುಂದೆ ಬಂದು ನಿಂತಿತು. ಹೆಣ್ಣಿನ ಅಜ್ಜಿ ಆರತಿ ತಟ್ಟೆ ಹಿಡಿದು ಮುಂದೆ ಬಂದರು. ಸೋದರಮಾವ, ಅಂದರೆ ಕಾರಿನ ಮಾಲೀಕರು, ಸೊಂಟದ ತನಕ ಸೆರಗು ಬಿಟ್ಟ ಗುಲಾಬಿ ಪಟಗಾ ತಲೆಗೆ ಸುತ್ತಿಕೊಂಡು ಬಾನೆಟ್ಟಿಗೆ ಒರಗಿ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದರು. ಅಷ್ಟರಲ್ಲಿ ಕ್ಯಾಸೆಟ್ಟಿನ ರೀಲು ಸಿಕ್ಕಿಹಾಕಿಕೊಂಡಿತು. ಆ ಡಬ್ಬಿಯ ಗುಣ ಏನೆಂದರೆ, ಕ್ಯಾಸೆಟ್ ನಿಂತರೆ ರೇಡಿಯೋ ತಾನೇ ಶುರುವಾಗುತ್ತದೆ. ಶುರುವಾಯಿತು, ಎ.ಎಂ.ನಲ್ಲಿ. ಶಹನಾಯಿ ನಿಂತು, ಗುಲಬರ್ಗಾ ಸ್ಟೇಷನ್ನಿನ ಕೃಷಿ ಕಾರ್ಯಕ್ರಮ ಓಣಿ ತುಂಬಿತು.

"ರೈತ ಬಾಂಧವರೇ, ಎತ್ತನ್ನು ಮನೆಗೆ ತರುವ ಮುನ್ನ ಮೊದಲು ಅದರ ನಡಿಗೆಯನ್ನು ಗಮನಿಸಬೇಕು."

ಅದೇ ಹೊತ್ತಿಗೆ ಮದುಮಗ ಕಾರಿನಿಂದ ಇಳಿದ. ಹೊಸ ಬೂಟು ಕಚ್ಚಿ, ಕುಂಟುತ್ತಾ ಎರಡು ಹೆಜ್ಜೆ ಇಟ್ಟ. ನೂರು ಮಂದಿ ಅವನ ಕಾಲು ನೋಡಿದರು.

"ಬಂದ್ ಮಾಡೋ" ಎಂದು ನಾನು ಡ್ರೈವರನ ಕಿಟಕಿಗೆ ಬಡಿದೆ. ಬಂದ್ ಮಾಡಿದ. ಮಾಡಿದ್ದೇ ತಡ, ಈಚೆ ಕಡೆ ಸೋದರಮಾವ ಕೂಗಿದರು. ಏರಿಯಲ್ ಮೇಲೆ ಬರುವಾಗ ಕಾರಿಗೆ ಕಟ್ಟಿದ್ದ ಹೂವಿನ ದಾರದ ಜತೆ ಅವರ ಪಟಗಾದ ಸೆರಗನ್ನೂ ಸುತ್ತಿಕೊಂಡಿತ್ತು. ಈಗ ಕೆಳಗೆ ಹೋಗುವಾಗ ಸೆರಗನ್ನು ತೂತಿನೊಳಗೆ ಎಳೆಯುತ್ತಿತ್ತು. ಸೋದರಮಾವ ಬಾನೆಟ್ಟಿಗೆ ಕೆನ್ನೆ ಹಚ್ಚಿ ಬಗ್ಗಿದ್ದರು.

"ಪಟಗಾ ಬಿಚ್ಚಿಬಿಡ್ರಿ" ಅಂದೆ.

"ಬೀಗರ ಬಾಗಲದಾಗ ಪಟಗಾ ಬಿಚ್ಚಲೇನು? ತಲಿ ಬೇಕಾದ್ರ ತಗೋ" ಅಂದರು, ಬಗ್ಗಿಕೊಂಡೇ.

ಕಡ್ಡಿ ಮೇಲೆ ಬರಬೇಕಾದರೆ ರೇಡಿಯೋ ಹಚ್ಚಲೇಬೇಕು. ಹಚ್ಚಿಸಿದೆ. ಕಡ್ಡಿ ಎದ್ದಿತು, ಸೋದರಮಾವ ಎದ್ದರು, ಕೃಷಿ ಕಾರ್ಯಕ್ರಮವೂ ಎದ್ದಿತು. "ಬೆನ್ನು ನೆಟ್ಟಗಿರಬೇಕು, ಎದೆ ಅಗಲವಾಗಿರಬೇಕು." ಜನ ಮದುಮಗನ ಬೆನ್ನು ನೋಡಿದರು, ತಿರುಗಿ ಎದೆ ನೋಡಿದರು. ದನಿ ತಗ್ಗಿಸೋಣ ಎಂದರೆ, ಮೆರವಣಿಗೆಯವರು ಜೋರು ಮಾಡಿ ಮಾಡಿ ಆ ಗುಂಡಿಯನ್ನೇ ಕಿತ್ತಿಟ್ಟಿದ್ದರು. ನಾನು ಎರಡು ಕೈಯಲ್ಲೂ ಸೆರಗಿನ ಗಂಟು ಬಿಡಿಸುತ್ತಾ ಡ್ರೈವರನಿಗೆ ಹೇಳಿದೆ: "ಎಫ್.ಎಂ.ಗೆ ಹಾಕೋ. ಕಡ್ಡೀನೂ ಮ್ಯಾಲ ಇರ್ತದ, ಮಾತೂ ನಿಂದರ್ತದ."

ಅವನು ನನ್ನನ್ನು ಕನಿಕರದಿಂದ ನೋಡಿದ. "ನಮ್ಮ ಕಡೆ ಎಫ್.ಎಂ. ಬರೂದಿಲ್ಲಲ್ರಿ. ನೀವೇ ಮುಂಜಾನಿ ಹೇಳೀರಿ."

"ಬರೂದಿಲ್ಲ ಅಂತೇ ಹಾಕು ಅನ್ನಾಕತ್ತೀನಿ."

"ಬರಲಾರದ್ದು ಹಾಕಿ ಏನು ಕೇಳೋದ್ರಿ?" ಅಂದ. ನನ್ನ ಜೀವಮಾನದಲ್ಲಿ ನಾನು ಹೇಳಿದ್ದನ್ನು ಸರಿಯಾಗಿ ತಿಳಿದುಕೊಂಡವನು ಅವನೊಬ್ಬನೇ.

ರೇಡಿಯೋದವರು ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ ಮುಂದುವರಿಸಿದರು. "ಮುಖ್ಯವಾಗಿ, ಕೊಡುವವರು ಹೇಳಿದ ವಯಸ್ಸನ್ನು ನಂಬಿ ಮೋಸಹೋಗಬಾರದು. ಬಾಯಿ ತೆರೆಸಿ, ಹಲ್ಲು ನೋಡಿಯೇ ವಯಸ್ಸನ್ನು ತಿಳಿಯತಕ್ಕದ್ದು."

ಗಂಡಿನವರು ಹೆಣ್ಣಿನವರ ಮುಖ ನೋಡಲಿಲ್ಲ, ಹೆಣ್ಣಿನವರು ಗಂಡಿನವರ ಮುಖ ನೋಡಲಿಲ್ಲ. ಇನ್ನೇನು, ಇಲ್ಲಿಗೆ ಮದುವೆ ಮುರಿಯಿತು, ನನ್ನ ಅಂಗಡಿಯೂ ಮುಚ್ಚಿತು ಅಂದುಕೊಂಡೆ.

ಆಗ ಹೆಣ್ಣಿನ ಅಜ್ಜಿ ಆರತಿ ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು, ಕಣ್ಣಿಗೆ ಕೈ ಅಡ್ಡ ಹಿಡಿದು ಮದುಮಗನ ಹತ್ತಿರ ಬಂದರು.

"ಸರಕಾರದವರೇ ಇಷ್ಟು ಹೇಳಾಕತ್ತಾರ" ಅಂದರು. "ಒಂದೀಟು ಬಾಯಿ ತಗಿಯಪಾ."

ಮದುಮಗ ಬಾಯಿ ತೆರೆದ.